ಬಂದರಿನಿಂದ ಹೊರಟ ಕೊನೆಯ ಬಸ್ಸು

ಬಂದರಿನಿಂದ ಪೇಟೆಗೆ ಓಡುವ ಬಸ್ಸಿನಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಕಂಡಕ್ಟರ್. ಎಲ್ಲರ ಬಾಯಲ್ಲೂ ಕಂಡಕ್ಟರಕ್ಕ. ಮೀನಿನ ಬುಟ್ಟಿಗೆ ಲಗೇಜು ಚೀಟಿ ಹರಿಯದೆ ಬಿಡುವವಳಲ್ಲ. ಓಡಿ ಬರುವವರನ್ನು ಬಿಟ್ಟು ಹೋಗುವವಳೂ ಅಲ್ಲ. ಡ್ರೈವರಣ್ಣ ಆಗಾಗ ಗೊಣಗುತ್ತಿದ್ದ: "ನಿನ್ನ ಕಣ್ಣಿಗೆ ಬಿದ್ದೋರನ್ನೆಲ್ಲ ಹತ್ತಿಸ್ಕೊಂಡ್ರೆ ನಾವು ಪೇಟೆ ಮುಟ್ಟೋದು ನಾಳೇನೇ ಕಣಮ್ಮ."

ಚಂಡಮಾರುತ ಬರುತ್ತದೆಂದು ಎರಡು ದಿನದಿಂದ ರೇಡಿಯೋ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮೂರನೆಯ ದಿನ ಬೆಳಗ್ಗೆಯಿಂದ ಬಸ್ಸುಗಳೆಲ್ಲ ಬಂದರಿನವರನ್ನು ಗುಡ್ಡದ ಮೇಲಿನ ಕಾಲೇಜಿಗೆ ಸಾಗಿಸತೊಡಗಿದವು. ಟಿಕೆಟ್ ಇಲ್ಲ. ಕಂಡಕ್ಟರಕ್ಕ ತನ್ನ ಹನ್ನೊಂದು ವರ್ಷದ ಮಗಳನ್ನು ಮೊದಲ ಟ್ರಿಪ್ಪಿನಲ್ಲೇ ಪಕ್ಕದ ಮನೆಯವಳ ಜೊತೆ ಕಳಿಸಿದ್ದಳು. ಮೂರನೆಯ ಟ್ರಿಪ್ಪಿನಲ್ಲಿ ಹೋದಾಗ ಪಕ್ಕದ ಮನೆಯವಳು ಕಾಲೇಜಿನ ಬಾಗಿಲಲ್ಲೇ ನಿಂತಿದ್ದಳು.

"ನಿನ್ನ ಮಗಳು ಏನೂ ತಿಂದಿಲ್ಲ ಕಣೆ. ಅಮ್ಮ ಬರಲ್ಲ, ಅಮ್ಮ ಬರಲ್ಲ ಅಂತ ಒಂದೇ ಹಟ."

ಒಳಗೆ ಹೋಗಿ ನೋಡಲು ಪುರುಸೊತ್ತಿರಲಿಲ್ಲ. ಬಸ್ಸು ಮತ್ತೆ ಕೆಳಗಿಳಿಯಿತು.

ನಾಲ್ಕನೆಯ ಸಲ ಬಂದರು ತಲುಪಿದಾಗ ಮಧ್ಯಾಹ್ನ ಎರಡೂವರೆ. ಸಂಜೆಯ ಹಾಗೆ ಕತ್ತಲಾಗಿತ್ತು. ಜನ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ಆಗ ನಿಲ್ದಾಣದ ಎದುರಿನ ಇಸ್ತ್ರಿ ಅಂಗಡಿಯವನು ಓಡಿಬಂದ. ಅವಳ ಯೂನಿಫಾರ್ಮಿಗೆ ಎಂಟು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದವನು.

"ಅಕ್ಕಾ, ಅಮ್ಮ ಮನೇಲಿದಾಳೆ. ಅವಳಿಗೆ ನಡೆಯೋಕಾಗಲ್ಲ, ನಿಮಗೇ ಗೊತ್ತಲ್ಲ. ಐದು ನಿಮಿಷ ನಿಲ್ಲಿಸಿ, ಎತ್ಕೊಂಡು ಬಂದುಬಿಡ್ತೀನಿ."

"ಓಡು, ಓಡು. ನೀನು ಬರೋವರೆಗೂ ಬಸ್ಸು ಇಲ್ಲಿಂದ ಕದಲಲ್ಲ."

ಅವನು ಓಣಿಯೊಳಗೆ ಮಾಯವಾದ. ಐದು ನಿಮಿಷವಾಯಿತು, ಎಂಟಾಯಿತು. ಮೀನು ಹರಾಜಿನ ಕಟ್ಟೆಯ ತಗಡೊಂದು ಕಿತ್ತು ಹಾರಿ ಬಸ್ಸಿನ ಮುಂದೆಯೇ ಬಿತ್ತು. ಸಮುದ್ರದ ನೀರು ರಸ್ತೆ ದಾಟಿ ಟೈರು ಮುಟ್ಟಿತು. ಒಳಗೆ ಮಕ್ಕಳು ಅಳತೊಡಗಿದವು. "ಒಬ್ಬನಿಗೋಸ್ಕರ ಎಲ್ಲರನ್ನೂ ಸಾಯಿಸ್ತೀಯೇನಮ್ಮ?" ಎಂದು ಯಾರೋ ಹಿಂದಿನಿಂದ ಕೂಗಿದರು.

ಡ್ರೈವರಣ್ಣ ತಿರುಗಿ ನೋಡಿದ. "ಇನ್ನೊಂದೆರಡು ನಿಮಿಷ ನಿಲ್ಲಬಹುದು. ಗುಡ್ಡದ ದಾರಿ ಸೇತುವೆ ಇನ್ನೂ ಮುಳುಗಿರಲ್ಲ. ಏನಂತೀಯ?"

ಅವಳು ಓಣಿಯ ಕಡೆ ನೋಡಿದಳು. ಯಾರೂ ಇರಲಿಲ್ಲ. ಅಮ್ಮ ಬರಲ್ಲ ಎಂದು ಹಟ ಹಿಡಿದಿದ್ದ ಮಗಳ ಮುಖ ಕಣ್ಣಿಗೆ ಕಟ್ಟಿತು.

"ರೈಟ್," ಎಂದಳು.

ಬಸ್ಸು ತಿರುವು ತೆಗೆದುಕೊಳ್ಳುವಾಗ ಹಿಂದಿನ ಗಾಜಿನಲ್ಲಿ ಅವನು ಕಂಡ. ತಾಯಿಯನ್ನು ಬೆನ್ನ ಮೇಲೆ ಹೊತ್ತು, ಮೊಣಕಾಲುದ್ದ ನೀರಿನಲ್ಲಿ, ಓಣಿಯ ಬಾಯಿಯಲ್ಲಿ ನಿಂತಿದ್ದ. ಒಂದು ಕೈ ಮೇಲೆತ್ತಿದ್ದ. ಬಸ್ಸಿನ ಮೈಗೆ ಒಂದೇ ಒಂದು ಏಟು ಬಡಿದಿದ್ದರೆ ಸಾಕಿತ್ತು, ಡ್ರೈವರಣ್ಣ ನಿಲ್ಲಿಸುತ್ತಿದ್ದ. ಅವಳ ಕೈ ಏಳಲಿಲ್ಲ. ಇನ್ನೊಂದು ಟ್ರಿಪ್ ಹೇಗೂ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಇನ್ನೊಂದು ಟ್ರಿಪ್ ಇರಲಿಲ್ಲ. ಅವರು ಗುಡ್ಡ ಹತ್ತಿ ಕಾಲು ಗಂಟೆಯಾಗುವಷ್ಟರಲ್ಲಿ ಸೇತುವೆಯ ಮೇಲೆ ಆಳುದ್ದ ನೀರು ಹರಿಯುತ್ತಿತ್ತು.

ಕಾಲೇಜಿನ ಕೋಣೆಯಲ್ಲಿ ಮಗಳು ಓಡಿಬಂದು ಸೊಂಟ ತಬ್ಬಿದಳು. ಗಾಳಿ ಕಿಟಕಿಗಳನ್ನು ಒದೆಯುತ್ತಿತ್ತು. ತೊಡೆಯ ಮೇಲೆ ಮಲಗಿದ ಮಗುವಿನ ತಲೆ ಸವರುತ್ತ, ಅವನು ತನ್ನ ಮನೆ ಪಕ್ಕದ ಮೇಷ್ಟರ ಮಾಳಿಗೆ ಹತ್ತಿರುತ್ತಾನೆ, ಹತ್ತಿಯೇ ಇರುತ್ತಾನೆ ಎಂದು ಅವಳು ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡಳು.

ಅವನು ಹತ್ತಿದ್ದು ಐಸ್ ಫ್ಯಾಕ್ಟರಿಯ ಹೊರಗಿನ ಮೆಟ್ಟಿಲನ್ನು. ಅಷ್ಟು ಹೊತ್ತಿಗೆ ಓಣಿಯೊಳಗೂ ನೀರು ನುಗ್ಗಿ ಬೇರೆಲ್ಲೂ ಹೋಗುವಂತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು, ತಾಯಿಯನ್ನು ಅವುಚಿಕೊಂಡು, ಏಳು ಗಂಟೆ ಕಾಲ ನಿಂತಿದ್ದನಂತೆ. ನೀರು ಇಳಿಯಿತು. ಮುದುಕಿಯ ಜೀವ ಅದಕ್ಕೂ ಮುಂಚೆಯೇ ಹೋಗಿತ್ತು.

ಕಂಡಕ್ಟರಕ್ಕನನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಕೊನೆಯ ಬಸ್ಸಿನಲ್ಲಿ ಎಪ್ಪತ್ತಮೂರು ಜನರನ್ನು ಉಳಿಸಿದಳೆಂದು ಡಿಪೋದವರು ಸಭೆ ಮಾಡಿ ಪ್ರಶಸ್ತಿ ಪತ್ರ ಕೊಟ್ಟರು. ಪೇಪರಿನಲ್ಲಿ ಫೋಟೋ ಬಂತು. ಚಪ್ಪಾಳೆ ಬೀಳುವಾಗ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪತ್ರವನ್ನು ಬೀರುವಿನಲ್ಲಿ ಹಳೆಯ ಬಟ್ಟೆಗಳ ಕೆಳಗೆ ತುರುಕಿದಳು.

ತಿಂಗಳ ಮೇಲೆ ಇಸ್ತ್ರಿ ಅಂಗಡಿ ತೆರೆಯಿತು. ಅವನೇ ಬಸ್ಸಿನ ಹತ್ತಿರ ಬಂದು ಮಾತಾಡಿಸಿದ. "ಸೇತುವೆ ಮುಳುಗ್ತಾ ಇತ್ತಂತಲ್ಲಕ್ಕ. ಜನ ಎಲ್ಲಾ ಹೇಳಿದ್ರು. ನೀವು ತಾನೆ ಏನು ಮಾಡೋಕಾಗುತ್ತೆ? ಯೂನಿಫಾರ್ಮ್ ಯಾಕೆ ಕಳಿಸಿಲ್ಲ?"

"ಮನೇಲೇ ಹಾಕ್ಕೋತಿದೀನಪ್ಪ," ಎಂದಳು. ಅವನು ಒಳ್ಳೆಯ ಮಾತಾಡಿದಷ್ಟೂ ಅವಳು ಮುಖ ತಪ್ಪಿಸತೊಡಗಿದಳು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ.

ಎರಡು ವಾರ ಹೀಗೇ ಕಳೆದವು. ಆಮೇಲೆ ತನ್ನ ವಾರದ ರಜೆಯ ದಿನ ಅವಳು ಅಂಗಡಿಗೆ ಹೋದಳು. ಅವನು ಯಾರದೋ ಷರಟಿನ ಕಾಲರು ಒತ್ತುತ್ತಿದ್ದ.

"ನಿನಗೊಂದು ವಿಷಯ ಹೇಳ್ಬೇಕು. ಡ್ರೈವರಣ್ಣ ನಿಲ್ತೀನಿ ಅಂದಿದ್ದ. ಎರಡು ನಿಮಿಷ ಟೈಮಿತ್ತು. ಹೊರಡೋಣ ಅಂದಿದ್ದು ನಾನು."

ಅವನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ.

"ಹಿಂದಿನ ಗಾಜಲ್ಲಿ ನಿನ್ನನ್ನ ನೋಡಿದೆ ಕಣಪ್ಪ. ನೋಡಿದ ಮೇಲೂ ನಿಲ್ಲಿಸಲಿಲ್ಲ. ಮಗಳ ಯೋಚನೆ ಬಂದುಬಿಡ್ತು."

ಅವನು ಷರಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಆಮೇಲೆ ಮೆಲ್ಲನೆ ಮಾತಾಡಿದ. "ಹೋಗಿದ್ದು ತಪ್ಪಲ್ಲ ಅಕ್ಕ. ನನಗೂ ಮಗು ಇದ್ದಿದ್ರೆ ಹಾಗೇ ಮಾಡ್ತಿದ್ದೆನೋ ಏನೋ. ಆದ್ರೆ ಕದಲಲ್ಲ ಅಂತ ಯಾಕೆ ಅಂದ್ರಿ? ಆಗಲ್ಲ ಅಂದಿದ್ರೆ ನಾನು ಅಮ್ಮನ್ನ ಸೀದಾ ಪಕ್ಕದ ಮೇಷ್ಟರ ಮಾಳಿಗೆಗೆ ಎತ್ಕೊಂಡು ಹೋಗ್ತಿದ್ದೆ. ಬಸ್ಸು ಇರುತ್ತೆ ಅಂತ ಅವಳು ಕನ್ನಡಕ ಹುಡುಕಿದಳು. ಬಸ್ಸು ಇರುತ್ತೆ ಅಂತ ನಾನೂ ಹುಡುಕಿದೆ."

ಮೇಷ್ಟರ ಮಾಳಿಗೆಯಲ್ಲಿದ್ದ ಹನ್ನೆರಡು ಜನರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

"ಈಗ ಹೋಗಿ ಅಕ್ಕ," ಎಂದ ಅವನು. "ಕೆಲಸ ಇದೆ."

ಅಂದಿನಿಂದ ಅವನು ಅವಳ ಬಸ್ಸು ಹತ್ತುವುದನ್ನು ಬಿಟ್ಟ. ಪೇಟೆಗೆ ಹೋಗಬೇಕಾದರೆ ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯುತ್ತಿದ್ದ. ಡಿಪೋದವರು ಸುಲಭದ ರೂಟು ಕೊಡುತ್ತೇವೆಂದರೂ ಅವಳು ಬೇಡವೆಂದಳು. ದಿನಕ್ಕೆ ಆರು ಸಲ ಆ ಅಂಗಡಿಯ ಎದುರು ಇಳಿದು ನಿಲ್ಲುತ್ತಿದ್ದಳು. ಅವನು ತಲೆ ಎತ್ತುತ್ತಿರಲಿಲ್ಲ.

ಒಂದೂವರೆ ವರ್ಷವಾದ ಮೇಲೆ ಒಂದು ಬೆಳಗ್ಗೆ ಅವನು ಬಟ್ಟೆಗಂಟು ಹೊತ್ತು ಅವಳ ಬಸ್ಸು ಹತ್ತಿದ. ಚಿಲ್ಲರೆ ಕೊಟ್ಟು "ಪೇಟೆ, ಒಂದು" ಎಂದ. ಅವಳು ಟಿಕೆಟ್ ಹರಿದು ಕೊಟ್ಟಳು. ಗಂಟಿಗೆ ಲಗೇಜು ಚೀಟಿಯನ್ನೂ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಪಕ್ಕ ಕುಳಿತ. ಅವಳು ಮುಂದಿನ ಸೀಟಿನವರಿಗೆ ಟಿಕೆಟ್ ಹರಿಯತೊಡಗಿದಳು.