ಒಂದು ಬೀಜಕ್ಕೆ ವಾಪಸಾಗುವ ಹಡಗು

ದೊಡ್ಡಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿದ್ದದ್ದನ್ನು ನಾನು ಕಂಡವಳಲ್ಲ. ಬಸ್ಸಿನಲ್ಲಿ ಕೂತಿರಲಿ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿರಲಿ, ಆ ಎರಡು ಬೆರಳು ಮಡಿಲಿನ ಸೀರೆಯ ಮೇಲಿಂದ ಏನನ್ನೋ ಹೆಕ್ಕಿ ಪಕ್ಕಕ್ಕೆ ಹಾಕುತ್ತಲೇ ಇರುತ್ತಿದ್ದವು. ಸೀರೆಯಲ್ಲಿ ಹೂವಿನ ಚಿತ್ರವಿದ್ದರಂತೂ ಮುಗಿಯಿತು. ಸಣ್ಣ ಹೂಗಳನ್ನೆಲ್ಲ ಆರಿಸಿ ತೆಗೆದು ದೊಡ್ಡವನ್ನು ಉಳಿಸಿಕೊಳ್ಳುತ್ತಿದ್ದಾರೆ ಅನ್ನಿಸಬೇಕು, ಹಾಗೆ.

ಅವರು ನನಗೆ ಸಂಬಂಧದಲ್ಲಿ ದೊಡ್ಡಮ್ಮನೇನಲ್ಲ. ಚಿಕ್ಕಮಗಳೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಪ್ಪ ಅಮ್ಮ ಇಬ್ಬರೂ ಶಾಲೆಯ ಕೆಲಸದವರು, ಮನೆಗೆ ಬಂದರೂ ಮಕ್ಕಳ ಪುಸ್ತಕದ ರಾಶಿಯೊಳಗೇ ಇರುವವರು. ಹಾಗಾಗಿ ಸಂಜೆ ದೊಡ್ಡಮ್ಮ ಕೆಲಸದಿಂದ ಬರುವ ಹೊತ್ತಿಗೆ ನಾನು ಅವರ ಮೆಟ್ಟಿಲ ಮೇಲೆ ಹಾಜರು. ಅವರು ಕೆಲಸ ಮಾಡುತ್ತಿದ್ದದ್ದು ಕಾಫಿ ಕ್ಯೂರಿಂಗಿನಲ್ಲಿ. ತೋಟಗಳಿಂದ ಬಂದ ಕಾಫಿ ಅಲ್ಲಿ ಸಿಪ್ಪೆ ಬಿಟ್ಟು ಬೀಜವಾಗುತ್ತದೆ. ಉದ್ದ ಮೇಜುಗಳ ಮುಂದೆ ಹೆಂಗಸರು ಕೂತು ಕರಿಯದು, ಒಡಕು, ಹುಳ ಹೊಡೆದದ್ದು ಎಲ್ಲ ಹೆಕ್ಕಿ ತೆಗೆಯುತ್ತಾರೆ. ಉಳಿದದ್ದು ಮೂಟೆಯಾಗಿ, ಮಂಗಳೂರಿಗೆ ಹೋಗಿ, ಹಡಗು ಹತ್ತುತ್ತದೆ.

ನನ್ನ ಕನ್ನಡದಲ್ಲಿ ಅರ್ಧಕ್ಕರ್ಧ ಆ ಮೆಟ್ಟಿಲ ಮೇಲೆ ಕಲಿತದ್ದು. ಲೆಕ್ಕದಲ್ಲಿ ಫೇಲಾಗಿ ಅಳುತ್ತ ಬಂದ ದಿನ ದೊಡ್ಡಮ್ಮ, “ಒಂದು ಒಡಕು ಬಂತು ಅಂತ ಮೂಟೆನೇ ಚೆಲ್ತಾರೇನೆ ಕೂಸೆ?” ಅಂದಿದ್ದರು. ಬೀದಿಯ ಕೊನೆ ಮನೆಯ ಹುಡುಗಿಯನ್ನು ನೋಡಲು ಕಾರಿನಲ್ಲಿ ಬಂದಿಳಿದ ಗಂಡನ್ನು ಕಿಟಕಿಯಿಂದ ಒಂದು ಸಲ ನೋಡಿ, “ಮೇಲಿಂದ ಎ ಗ್ರೇಡು. ಒಳಗೆ ಹುಳ,” ಎಂದು ತೀರ್ಪು ಕೊಟ್ಟಿದ್ದರು. ಆ ಮದುವೆ ಏನಾಯಿತು ಅನ್ನುವುದನ್ನು ಇಲ್ಲಿ ಹೇಳುವುದು ಬೇಡ.

ನಮಗೆಲ್ಲ ಒಡಕನ್ನು ಮಾಫಿ ಮಾಡುತ್ತಿದ್ದ ಅವರು ತಮ್ಮ ಮೇಜಿಗೆ ಮಾತ್ರ ಮಾಡುತ್ತಿರಲಿಲ್ಲ. “ಒಂದು ಕೆಟ್ಟ ಬೀಜ ಹೋದ್ರೂ ಹಡಗೇ ವಾಪಸ್ ಬರುತ್ತೆ” ಎಂದು ಅಲ್ಲಿನ ಸೂಪರ್‌ವೈಸರು ದಿನಕ್ಕೊಮ್ಮೆ ಹೇಳುತ್ತಿದ್ದರಂತೆ. ದೊಡ್ಡಮ್ಮ ಸಮುದ್ರ ನೋಡಿದವರಲ್ಲ. ಆದರೂ ಅವರ ಬದುಕಿನಲ್ಲಿ ಆ ಹಡಗು ಓಡಾಡುತ್ತಿತ್ತು. ಆಷಾಢದಲ್ಲಿ ಬಾಬಾಬುಡನ್‌ಗಿರಿಯ ಕಡೆಯಿಂದ ಮಂಜು ಇಳಿದು ಬೀದಿ ತುಂಬಿದರೆ, “ಹಡಗು ಬರೋ ಹಂಗಾಗಿದೆ ನೋಡು,” ಅನ್ನುತ್ತಿದ್ದರು. ಕನಸಿನಲ್ಲೂ ಅದೇ. “ನಮ್ಮ ಬಾಗ್ಲಿಗೇ ಬಂದು ನಿಂತಿತ್ತು ಕಣೇ. ಬೆಳ್ಳಗೆ, ಛತ್ರದಷ್ಟು ದೊಡ್ಡದು. ಹಾರ್ನು ಹೊಡೀತಿತ್ತು. ನಂಗೆ ಚಪ್ಪಲಿ ಸಿಗ್ತಾ ಇರ್ಲಿಲ್ಲ.” ನಾನು ಮಂಜಿನೊಳಗೆ ಕಣ್ಣಿಟ್ಟು ಎಷ್ಟೋ ಸಂಜೆ ಆ ಹಡಗಿಗೆ ಕಾದಿದ್ದೇನೆ.

ಆ ಹೆದರಿಕೆಯ ಬೇರು ತಿಳಿದದ್ದು ನಾನು ಓದಲು ಆಸ್ಟ್ರಿಯಾಕ್ಕೆ ಹೊರಡುವ ಹಿಂದಿನ ದಿನ. ಚಕ್ಕುಲಿ ಕಟ್ಟಿಕೊಡುತ್ತ ಕೂತಿದ್ದ ದೊಡ್ಡಮ್ಮ ಇದ್ದಕ್ಕಿದ್ದಂತೆ ಹೇಳಲು ತೊಡಗಿದರು. ಒಂದು ವರ್ಷ ನಿಜವಾಗಿಯೂ ಮೂಟೆಗಳು ವಾಪಸು ಬಂದಿದ್ದವಂತೆ, ಕೆಟ್ಟ ವಾಸನೆಯ ಬೀಜ ಸೇರಿದೆ ಎಂದು. ಮೂಟೆಯ ಮೇಲೆ ಇವರ ಮೇಜಿನ ಗುರುತು. ಆ ಮೇಜಿನಲ್ಲಿ ಇವರ ಜೊತೆ ಕೂರುತ್ತಿದ್ದವರು ಕಳಸದ ಕಡೆಯ ಒಬ್ಬ ಗೆಳತಿ. ಹನ್ನೆರಡು ವರ್ಷ ಒಂದೇ ಬುತ್ತಿಯಲ್ಲಿ ಉಂಡವರು.

“ಯಾರು ನೋಡದೆ ಬಿಟ್ಟಿದ್ದು ಅಂತ ಕೇಳಿದ್ರು. ಅವಳ ಕಣ್ಣು ಈಗೀಗ ಮಂಜಂತೆ ಅಂದ್ಬಿಟ್ಟೆ. ಅಷ್ಟೇ ಅಂದಿದ್ದು ನಾನು. ಮಾರನೇ ದಿನ ಅವಳ ಜಾಗ ಖಾಲಿ.”

ಗೆಳತಿ ಕಳಸಕ್ಕೆ, ತಮ್ಮನ ಮನೆಗೆ ಹೋದರು. ಮತ್ತೆ ಇಬ್ಬರಿಗೂ ಮಾತಿಲ್ಲ.

“ಬಿಟ್ಟಿದ್ದು ಅವಳ ಕಣ್ಣೋ ನನ್ನ ಕಣ್ಣೋ ಇವತ್ತಿಗೂ ಗೊತ್ತಿಲ್ಲ ಕೂಸೆ. ನೀನು ಆ ಕಡೆ ಹೋಗ್ತೀಯಲ್ಲ. ಬೀಜ ಹೋಗಿ ಸೇರೋ ಜಾಗ ಸಿಕ್ಕಿದ್ರೆ ಒಂದು ಮಾತು ಕೇಳು. ಒಂದು ಬೀಜಕ್ಕೆ ವಾಪಸ್ ಕಳಿಸ್ತಾರಾ ಅಂತ.”

ನಾನು ಹೂಂ ಅಂದೆ. ಹೋದ ಮೇಲೆ ಓದು, ಚಳಿ, ಅನ್ನ ಬೇಯಿಸಿಕೊಳ್ಳುವ ಕಷ್ಟ. ಮರೆತೇಬಿಟ್ಟೆ.

ಚಳಿ ಹಿಂದೆ ಸರಿಯುತ್ತಿದ್ದ ಒಂದು ಶುಕ್ರವಾರ, ಗೆಳೆಯರು ಇಟಲಿಯ ಬಂದರು ಊರು ಟ್ರಿಯೆಸ್ಟೆಗೆ ಹೋಗೋಣ ಅಂದರು. ಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ, ಭಾನುವಾರ ಸಂಜೆಗೆ ವಾಪಸು. ವಯನಾಡಿನ ಅಂಜು, ಅರ್ಜೆಂಟೀನಾದ ಮಟಿಯೋ, ನಾನು. ಮಟಿಯೋನ ಅಜ್ಜಿ ಇಟಲಿಯವರು, ಹಾಗಾಗಿ ಆ ಭಾಷೆ ಅವನಿಗೆ ಬರುತ್ತಿತ್ತು. ಅಂಜುವಿಗೆ ಸಮುದ್ರ ಬೇಕಿತ್ತು, ಮಟಿಯೋಗೆ ಊಟ. ನನಗೆ ಇಂಥದ್ದೇ ಅಂತೇನಿರಲಿಲ್ಲ.

ಶನಿವಾರ ಬೆಳಿಗ್ಗೆ ಸಮುದ್ರವೇ ಇರಲಿಲ್ಲ. ದೊಡ್ಡ ಚೌಕದ ಮೂರು ಕಡೆ ಹಳೆಯ ಕಟ್ಟಡಗಳು, ನಾಲ್ಕನೇ ಕಡೆ ಬರೀ ಮಂಜು. ಆ ಬಿಳುಪಿನ ಒಳಗೆಲ್ಲೋ ಒಂದು ಹಡಗು ಕೂಗಿತು, ಉದ್ದಕ್ಕೆ, ನಿಧಾನಕ್ಕೆ. ನಾನು ನಿಂತಲ್ಲೇ ನಿಂತೆ. ಒಂದು ಗಳಿಗೆ ನನಗೆ ಯಾವ ಊರಿನಲ್ಲಿದ್ದೇನೆ ಅನ್ನುವುದೇ ತಪ್ಪಿಹೋಯಿತು. ಕಾಲ ಕೆಳಗೆ ನಮ್ಮ ಬೀದಿ, ಬೆನ್ನ ಹಿಂದೆ ದೊಡ್ಡಮ್ಮನ ಮೆಟ್ಟಿಲು, ಎದುರಿಗೆ ಇನ್ನೇನು ತೇಲಿ ಬರಲಿರುವ ಛತ್ರದಷ್ಟು ದೊಡ್ಡ ಬಿಳಿ ಹಡಗು. ಅಂಜು ತೋಳು ಹಿಡಿದು ಎಳೆಯದಿದ್ದರೆ ಎಷ್ಟು ಹೊತ್ತು ಹಾಗೇ ಇರುತ್ತಿದ್ದೆನೋ.

ಕಾಫಿ ಹುರಿಯುವ ವಾಸನೆ ಹಿಡಿದು ಮೂವರೂ ಒಂದು ಓಣಿಯ ಅಂಗಡಿ ಹೊಕ್ಕೆವು. ಮುದುಕರೊಬ್ಬರು ಹುರಿಯುವ ಯಂತ್ರದ ಮುಂದೆ ಕೂತಿದ್ದರು. ಗೋಡೆಯುದ್ದಕ್ಕೂ ಗೋಣಿಮೂಟೆ. ಗಿರಾಕಿಗಳು ನೋಡಲೆಂದು ತಟ್ಟೆಗಳಲ್ಲಿ ಹಸಿ ಬೀಜ ಇಟ್ಟಿದ್ದರು, ಒಂದೊಂದು ದೇಶದ್ದು ಒಂದೊಂದು ತಟ್ಟೆ. ಮಟಿಯೋ ಕಾಫಿಗೆ ಹೇಳುತ್ತಿದ್ದ. ನಾನು ಇಂಡಿಯಾ ಅಂತ ಬರೆದಿದ್ದ ತಟ್ಟೆಯ ಮುಂದೆ ನಿಂತಿದ್ದೆ.

“ಏಯ್, ಏನು ಮಾಡ್ತಿದೀಯ?” ಅಂಜು ಪಿಸುಗುಟ್ಟಿದಳು.

ನೋಡಿದರೆ ತಟ್ಟೆಯ ಪಕ್ಕ ಕರಿ ಬೀಜ ಎರಡು, ಒಡಕು ಮೂರು, ಸಾಲಾಗಿ ಬಿದ್ದಿವೆ. ನನ್ನ ಕೈಯೇ ಆರಿಸಿ ಹಾಕಿತ್ತು. ಮುದುಕರು ಎದ್ದು ಬಂದು ಗದರಿದರು. ಅಂಗಡಿಯ ಮಾಲನ್ನು ಎದುರಿಗೇ ನಿಂತು ಹೀಗೆ ಹಳಿಯುವುದಾ! ನನಗೆ ಮುಖವೆಲ್ಲ ಬಿಸಿಯಾಯಿತು. ಮಟಿಯೋ ಕೈ ಮುಗಿಯುವಂತೆ ಮಾಡಿ, ನನ್ನಿಂದ ಕೇಳಿ ಕೇಳಿ ದೊಡ್ಡಮ್ಮನ ಕೆಲಸವನ್ನು ವಿವರಿಸಿದ. ಮುದುಕರು ಆರಿಸಿದ ಬೀಜಗಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಆಮೇಲೆ ತಟ್ಟೆಯನ್ನೇ ನನ್ನ ಮುಂದಕ್ಕೆ ತಳ್ಳಿದರು.

ಆಗ ನೆನಪಾಯಿತು, ಕೇಳಬೇಕಾದ ಮಾತು. ಊರಲ್ಲಿ ಮಧ್ಯಾಹ್ನ ಎರಡೂವರೆ. ವಿಡಿಯೋ ಕಾಲ್ ಹಚ್ಚಿದೆ.

“ದೊಡ್ಡಮ್ಮಾ, ನಾನೆಲ್ಲಿದೀನಿ ಹೇಳಿ ನೋಡುವಾ?”

“ಎಲ್ಲಾದ್ರೂ ಇರು ಮಾರಾಯ್ತಿ, ಮೊದ್ಲು ಸ್ವೆಟರ್ ಹಾಕ್ಕೊ.”

ತಟ್ಟೆ ತೋರಿಸಿದೆ. ಅವರ ಮುಖ ಫೋನಿನ ತುಂಬ ಬಂತು. “ಅಲ್ಲಾಡಿಸ್ಬೇಡ. ಇದು ನಮ್ದಾ?... ಆರಿಸಿದ್ದು ಚೂರೂ ಚೆನ್ನಾಗಿಲ್ಲ.” ಆಮೇಲೆ ದನಿ ತಗ್ಗಿತು. “ಕೇಳಿದ್ಯಾ ಅವ್ರನ್ನ?”

ನಾನು ಮಟಿಯೋಗೆ, ಮಟಿಯೋ ಮುದುಕರಿಗೆ. ಉತ್ತರ ಅದೇ ದಾರಿಯಲ್ಲಿ ವಾಪಸು ಬಂತು. ಬಂದ ಉತ್ತರ ನನ್ನ ಬಾಯಲ್ಲೇ ನಿಂತಿತು. ಇಷ್ಟು ವರ್ಷ ಹೆದರಿ ಹೆದರಿ ಮಾಡಿದ ಕೆಲಸಕ್ಕೆ ಅಷ್ಟು ಹೆದರಬೇಕಾಗಿರಲಿಲ್ಲ ಎಂದು ಹೇಗೆ ಹೇಳುವುದು? ಹೌದಂತೆ, ಒಂದೇ ಬೀಜಕ್ಕೆ ಕಳಿಸುತ್ತಾರಂತೆ ಅಂದುಬಿಡಲಾ?

“ಎಂತ ಅಂತೆ? ಇದ್ದಿದ್ದು ಇದ್ದಂಗೆ ಹೇಳು ಕೂಸೆ. ಆರಿಸಿ ಹೇಳ್ಬೇಡ.”

“ಒಂದೆರಡು ಎಲ್ಲ ಮೂಟೇಲೂ ಇರುತ್ತಂತೆ ದೊಡ್ಡಮ್ಮ. ಅದಕ್ಕೆ ಯಾರೂ ವಾಪಸ್ ಕಳ್ಸಲ್ವಂತೆ. ಮೂಟೆಮೂಟೆನೇ ವಾಸನೆ ಹೊಡೆದ್ರೆ ಕಳಿಸ್ತಾರಂತೆ. ಅದು ಎಷ್ಟೋ ಸಲ ದಾರೀಲೇ ಆಗೋದಂತೆ. ಹಡಗಿನ ಒಳಗೆ ಸೆಕೆಗೆ ನೀರಿಳಿದು, ಮೂಟೆ ಒದ್ದೆಯಾಗಿ.”

“ಹಡಗು ಬೆವರುತ್ತಾ?”

“ಹೂಂ.”

“ಅವತ್ತೂ ಹಂಗೇ ಆಗಿದ್ದಾ?”

“ಅದು ಇವ್ರಿಗೆ ಹೇಗೆ ಗೊತ್ತಿರುತ್ತೆ? ಹಂಗೂ ಆಗಿರಬಹುದು ಅಂತಾರೆ.”

ಅವರ ಹಿಂದೆ ಕುಕ್ಕರು ಎರಡು ಸಲ ಕೂಗಿತು. ದೊಡ್ಡಮ್ಮ ಏಳಲಿಲ್ಲ.

“ಹಂಗಾದ್ರೆ ಅವಳ ಕಣ್ಣಿಂದೂ ತಪ್ಪಲ್ಲ, ನನ್ನ ಕಣ್ಣಿಂದೂ ಅಲ್ಲದೇ ಇರಬಹುದು,” ಅಂದರು. “ಬಾಯಿ ಮಾತ್ರ ನಂದೇ.”

ಫೋನು ಇಟ್ಟರು. ಹೊರಗೆ ಬರುವಷ್ಟರಲ್ಲಿ ಮಂಜು ಕರಗಿ, ಓಣಿಯ ಕೊನೆಯಲ್ಲಿ ಸಮುದ್ರ ಹಾಲಿನ ಕೆನೆಯ ಹಾಗೆ ಅಲುಗದೆ ಬಿದ್ದಿತ್ತು. ಉಳಿದ ಒಂದೂವರೆ ದಿನ ನಾವು ಏನೇನು ನೋಡಿದೆವು, ಏನು ತಿಂದೆವು, ಒಂದೂ ಸ್ಪಷ್ಟವಿಲ್ಲ. ನಿದ್ದೆಯಲ್ಲಿ ನಡೆದ ಹಾಗೆ ನಡೆದಿದ್ದೆ.

ಸೋಮವಾರ ಅಮ್ಮ ಫೋನಿನಲ್ಲಿ ನಗುತ್ತಿದ್ದಳು. “ನಿನ್ನ ದೊಡ್ಡಮ್ಮ ನಿನ್ನೆ ಬೆಳಿಗ್ಗೆನೇ ಬೀಗ ಹಾಕ್ಕೊಂಡು ಕಳಸದ ಬಸ್ಸು ಹತ್ತಿದ್ರು. ಎಂತಕ್ಕೆ ಅಂದ್ರೆ, ಬೀಜದ ವಿಷ್ಯ ಅಂದ್ರು!”

ಅಲ್ಲಿ ಏನಾಯಿತೆಂದು ನಾನು ದೊಡ್ಡಮ್ಮನನ್ನು ಮೂರು ನಾಲ್ಕು ಸಲ ಕೇಳಿದೆ. “ಬಂದಾಗ ಹೇಳ್ತೀನಿ. ಫೋನಲ್ಲಿ ಹೇಳೋದಲ್ಲ ಅದು,” ಅನ್ನುತ್ತಿದ್ದರು. ನಾನು ಬರುವಷ್ಟರಲ್ಲಿ ಅವರಿರಲಿಲ್ಲ. ಮಳೆಗಾಲದ ಕೊನೆಯಲ್ಲಿ, ಎರಡೇ ದಿನದ ಜ್ವರ. ಯಾವ ಸುದ್ದಿಯನ್ನೂ ಸಿಹಿ ಮಾಡದೆ ಹೇಳುವ ಧೈರ್ಯ ನನಗೆ ಇದ್ದರೆ ಅದು ಆ ಹತ್ತು ನಿಮಿಷದ ಫೋನಿನಲ್ಲಿ ಅವರು ಕೊಟ್ಟದ್ದು. ಅದನ್ನು ಅವರಿಗೆ ಹೇಳಲಾಗಲಿಲ್ಲ.

ಕಳಸಕ್ಕೆ ನಾನೇ ಹೋದೆ. ಕಣ್ಣಿನ ಆಪರೇಷನ್ ಆಗಿ ದಪ್ಪ ಕನ್ನಡಕ ಹಾಕಿದ್ದ ಆ ಗೆಳತಿ, ನಾನು ಯಾರೆಂದು ಹೇಳುವ ಮೊದಲೇ ಮಣೆ ಹಾಕಿದರು.

“ಬಂದಿದ್ಲು. ಅಂಗಳದಲ್ಲೇ ನಿಂತು ಎಲ್ಲ ಹೇಳಿದ್ಲು. ನಾನು ಕೂರು ಅನ್ಲಿಲ್ಲ.”

“ಆಮೇಲೆ?”

“ಹಡಗು ಬೆವರುತ್ತಂತೆ ಅಂದ್ಲು. ಹಡಗು ಕಟ್ಕೊಂಡು ನಂಗೆಂತ ಆಗ್ಬೇಕು? ಹೇಳಿದ್ದು ನೀನೇ ಅಂತ ಅವತ್ತೇ ಗೊತ್ತಿತ್ತು ಅಂದೆ. ಸಿಟ್ಟಿತ್ತು ಮಾರಾಯ್ತಿ. ಈಗ್ಲೂ ಇದೆ ಸ್ವಲ್ಪ.”

“ಮತ್ತೆ?”

“ಮತ್ತೆಂತ? ಕೊನೆ ಬಸ್ಸಿನ ಹೊತ್ತಾಯ್ತು. ಅವಳಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಇಬ್ರೂ ಬಸ್ಸಿನ ಮಾತೆತ್ತಲಿಲ್ಲ. ಮೂರು ದಿನ ಇದ್ಲು.”