ಹೂ ಬಿಡಲಿ, ಹೆಸರು ಹೇಳುತ್ತೇನೆ

ಬಸವನ ಬಾಗೇವಾಡಿಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಆಗ ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲೆ ಪುಸ್ತಕ ಸಿದ್ಧಪಡಿಸುವ ಕೆಲಸ ಶುರುವಾಯಿತು. ಊರಿನ ಜನರನ್ನೇ ಕೇಳಿಕೊಂಡು ಅಲ್ಲಿನ ಗಿಡಗಂಟಿ, ಹಕ್ಕಿ, ಹುಳುಗಳ ಪಟ್ಟಿ ಮಾಡಬೇಕು. ಪ್ರತಿಯೊಂದರ ಮುಂದೆ ಶಾಸ್ತ್ರೀಯ ಹೆಸರು ತುಂಬಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಗಿಡಗಳ ಭಾಗ ನನ್ನ ತಲೆಗೆ ಬಂತು. "ಈ ಒಣ ನೆಲದಾಗ ಏನ್ ಸಿಗತೈತ್ರಿ, ಜಾಲಿ ಬರಕೊಂಡು ಬರ್ರಿ" ಎಂದು ಸಹೋದ್ಯೋಗಿಗಳು ಚೇಷ್ಟೆ ಮಾಡಿದರು.

ಆರ್ಕಿಡ್ ಅಂದರೆ ಘಟ್ಟದ ಮಳೆಕಾಡಿನ ಹೂವು ಎಂದೇ ನಮ್ಮ ಕಡೆಯವರ ನಂಬಿಕೆ. ಸಿಂದಗಿ ರಸ್ತೆಯ ಹಳೇ ಹುಣಸೆ ಮರಗಳ ಮೇಲೆ ವಾಂಡಾ ಎಂಬ ಆರ್ಕಿಡ್ ಬೇರು ಇಳಿಬಿಟ್ಟು ಕೂತಿರುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನೆಲದೊಳಗೆ ಗಡ್ಡೆ ಇಟ್ಟುಕೊಂಡು ಬದುಕುವ ಆರ್ಕಿಡ್‌ಗಳೂ ಇವೆ. ಅವು ಬೇಸಿಗೆಯಿಡೀ ಮಣ್ಣಿನಡಿ ಮಲಗಿದ್ದು, ಮುಂಗಾರಿನ ಮೊದಲ ಮಳೆಗೆ ಎದ್ದು, ಹತ್ತು ಹನ್ನೆರಡು ದಿನ ಹೂ ಬಿಟ್ಟು ಸುಮ್ಮನಾಗುತ್ತವೆ. ಆಮೇಲೆ ಉಳಿಯುವ ಎಲೆಯನ್ನು ನೋಡಿದರೆ ಹುಲ್ಲೋ ಈಚಲ ಸಸಿಯೋ ಎನ್ನಿಸುತ್ತದೆ.

ಹೊಲದಲ್ಲಿ ನಿಂತು ಆರ್ಕಿಡ್ ಗುರುತಿಸುವುದು ಹೇಗೆಂದು ಎರಡು ಮಾತು ಹೇಳಬೇಕು. ಸಸ್ಯದ ಹೆಸರಿನಲ್ಲಿ ಎರಡು ಭಾಗ. ಮೊದಲನೆಯದು ಕುಲ, ಅಂದರೆ ಮನೆತನದ ಅಡ್ಡಹೆಸರು ಇದ್ದಂತೆ. ಎರಡನೆಯದು ಪ್ರಭೇದ, ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು. ಎಲೆ, ಗಡ್ಡೆ, ಒಣಗಿದ ಕಾಯಿ ನೋಡಿ ಅನುಭವಸ್ಥರು ಅಡ್ಡಹೆಸರು ಹೇಳಬಲ್ಲರು. ಇಟ್ಟ ಹೆಸರು ಬೇಕೆಂದರೆ ಹೂವೇ ಬೇಕು. ಅದರಲ್ಲೂ ತುಟಿ ಎಂದು ನಾವು ಕರೆಯುವ ಕೆಳಗಿನ ದಳದ ಆಕಾರ, ಅದರ ಮೇಲಿನ ಗೀರು, ಹಿಂದಿನ ಚಿಕ್ಕ ಕೊಂಬು ಇವನ್ನು ಲೆನ್ಸ್ ಹಿಡಿದು ನೋಡಬೇಕು.

ನನಗೆ ಇನ್ನೊಂದು ರೋಗವಿತ್ತು. ಎಂ.ಎಸ್ಸಿ. ಓದುವಾಗ ಹೂವಿಲ್ಲದ ಒಂದು ಟೊಂಗೆ ನೋಡಿ ಅವಸರದಲ್ಲಿ ಹೆಸರು ಹೇಳಿ, ತಪ್ಪಾಗಿ, ಪರೀಕ್ಷಕರು ಎಲ್ಲರೆದುರು ನನ್ನ ನೀರಿಳಿಸಿದ್ದರು. ಅಂದಿನಿಂದ ಪೂರ್ತಿ ಖಾತ್ರಿಯಾಗದೆ ನಾನು ಯಾವ ಗಿಡದ ಹೆಸರನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಇದನ್ನು ಶಿಸ್ತು ಎಂದು ವಿದ್ಯಾರ್ಥಿಗಳ ಮುಂದೆ ಕೊಚ್ಚಿಕೊಳ್ಳುತ್ತಲೂ ಇದ್ದೆ.

ನವೆಂಬರಿನ ಒಂದು ಬೆಳಿಗ್ಗೆ ಇಂಗಳೇಶ್ವರದ ಕಡೆ ಹೋದಾಗ ಶಂಕ್ರೆಪ್ಪ ಮಾಸ್ತರರು ನನ್ನನ್ನು ತಮ್ಮ ಹೊಲಕ್ಕೆ ಕರೆದೊಯ್ದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತರ ಮೇಲೆ. ಹೊಲದ ತುದಿಯಲ್ಲಿ ಗರಸು ಮಣ್ಣಿನ ಸಣ್ಣ ಮರಡಿ, ಅಂದರೆ ದಿಬ್ಬ, ಮೂರು ಗುಂಟೆ ಇದ್ದೀತು. ನೇಗಿಲು ಹತ್ತದ ಜಾಗ. ಅಲ್ಲಿ ಅವರು ಕೂತು, ಹುಲ್ಲು ಸರಿಸಿ, ಮಡಿಕೆ ಮಡಿಕೆಯಾದ ಹಳದಿ ಎಲೆಗಳನ್ನು ತೋರಿಸಿದರು. ಪಕ್ಕದಲ್ಲಿ ಒಣಗಿದ ಕಡ್ಡಿ, ಅದರಲ್ಲಿ ಸೀಳಿದ ಕಾಯಿ. ಅಂಗೈ ಮೇಲೆ ಕೊಡವಿದೆ, ಬೀಜ ಹಿಟ್ಟಿನ ಧೂಳಿನಂತೆ ಉದುರಿತು. ಆರ್ಕಿಡ್ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಎಣಿಸಿದೆವು, ಹನ್ನೊಂದು ಗಿಡ.

"ಇದರ ಹೆಸರ ಏನ್ರಿ ಮೇಡಮ್ಮಾರ? ಸಾಲಿ ಹುಡುಗೂರಿಗೆ ಊರಾಗಿನ ಎಲ್ಲಾ ಗಿಡದ ಹೆಸರ ಕಲಿಸೇನಿ. ಇದನ್ನ ಕೇಳಿದ್ರ ಮಾತ್ರ ನಾಳೆ ಹೇಳತೇನಿ ಅಂತ ಜಾರಕೋತ ಬಂದೇನಿ" ಎಂದರು.

ಒಂದು ಗಿಡದ ಬುಡ ಬೆರಳಿನಿಂದ ಕೆದರಿ ನೋಡಿದೆ. ಸಾಲಾಗಿ ಕೂಡಿಕೊಂಡ ಗಟ್ಟಿ ಗಡ್ಡೆಗಳು. ಯುಲೋಫಿಯಾ ಎಂದು ಮನಸ್ಸು ಆಗಲೇ ಹೇಳಿತ್ತು. ಕುಲ ಅದೇ, ಪ್ರಭೇದ ಗೊತ್ತಿಲ್ಲ. ಹೂವು ಹೇಗಿತ್ತೆಂದು ಕೇಳಿದೆ. ಹಳದಿ, ಒಳಗೆ ಕೆಂಪು ಗೀರು ಎಂದರು. ಆ ವರ್ಣನೆಗೆ ಎರಡು ಮೂರು ಪ್ರಭೇದಗಳು ಹೊಂದುತ್ತಿದ್ದವು. ಜೊತೆಗೆ ಬಂದಿದ್ದ ಅವರ ತಮ್ಮ ಚನಬಸಪ್ಪ, ತಾವು ಹಿಂದಿನ ವರ್ಷ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದರು. ಅದರಲ್ಲಿ ಮಾಸ್ತರರ ಹೆಬ್ಬೆರಳು ಚೆನ್ನಾಗಿ ಬಂದಿತ್ತು, ಹೂವು ಹಳದಿ ಕಲೆಯಾಗಿತ್ತು.

ನಾನು ಪುಸ್ತಕದಲ್ಲಿ ಶಾಸ್ತ್ರೀಯ ಹೆಸರಿನ ಅಂಕಣವನ್ನು ಖಾಲಿ ಬಿಟ್ಟೆ. "ಹೂ ಬಿಡಲಿ ಮಾಸ್ತರ, ಹೆಸರ ಹೇಳತೇನಿ" ಎಂದೆ.

ಆಗ ಚನಬಸಪ್ಪ ವಿಷಯ ಬಿಡಿಸಿ ಹೇಳಿದರು. ಮುಳವಾಡ ನೀರಾವರಿಯ ಕಾಲುವೆ ನೀರು ಅವರ ಹೊಲದಂಚಿಗೆ ಬಂದಿತ್ತು. ಮರಡಿಯನ್ನು ಜೆಸಿಬಿಯಿಂದ ಸಮ ಮಾಡಿಸಿ ನಿಂಬೆ ಹಚ್ಚಬೇಕೆಂದು ಅವರ ಯೋಜನೆ. ಅಣ್ಣ ಈ ಗಿಡಕ್ಕಾಗಿ ಬೇಡವೆನ್ನುತ್ತಿದ್ದರು. ತಮ್ಮ ಕೆಟ್ಟವರಲ್ಲ, ಆದರೆ ಲೆಕ್ಕಕ್ಕೆ ಸಿಗದ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ.

"ನೀವು ಒಂದ ಹೆಸರ ಬರದ ಕೊಡ್ರಿ, ಮರಡಿ ಮುಟ್ಟೂದಿಲ್ಲ ನಾ. ಹೆಸರಿಲ್ಲದ ಕಸಕ್ಕ ಹೊಲಾ ಬಿಟ್ಟಾನ ಅಂತ ಮಂದಿ ನಗಬಾರದು. ಬಸವ ಜಯಂತಿ ತನಕ ನೋಡತೇನಿ" ಎಂದರು.

ಬಸವ ಜಯಂತಿ ಬೇಸಿಗೆಯ ನಡುವೆ ಬರುತ್ತದೆ. ಹೂವು ಮೃಗಶಿರಾ ಮಳೆಗೆ ಬರಬೇಕು. ನಡುವೆ ತಿಂಗಳಿಗೂ ಮೀರಿದ ಅಂತರ. ಮಾಸ್ತರರು ನನ್ನ ಜೀಪಿನವರೆಗೆ ಬಂದು, "ಹೂ ಜಲ್ದಿ ಬರೂವಂಗ ಏನರ ಮಾಡಾಕ ಬರತೈತೇನ್ರಿ?" ಎಂದು ಕೇಳಿದರು. ನನಗೆ ಮುಂದಿನ ಊರಿಗೆ ಹೊತ್ತಾಗಿತ್ತು. "ಅದು ಹಸಿಗೆ ಏಳೂ ಗಡ್ಡಿ ಮಾಸ್ತರ. ನೆಲಾ ಹಸಿಯಾದ್ರ ಏಳತೈತಿ" ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಪಾಠದಲ್ಲಾದರೆ ಅದರ ಮುಂದಿನ ವಾಕ್ಯವನ್ನೂ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಆ ಗಡ್ಡೆಗೆ ಒಣ ನಿದ್ದೆ ಬೇಕು, ಆಗ ನೀರು ತಾಗಿದರೆ ಕೊಳೆಯುತ್ತದೆ. ಆ ವಾಕ್ಯ ಅಂದು ನನ್ನ ಬಾಯಿಂದ ಬರಲಿಲ್ಲ.

ಮಾರ್ಚಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದಾಗ ಅವರ ಫೋನು ಬಂತು. "ಮೇಡಮ್ಮಾರ, ನೆಲಾ ಹಸಿ ಇಡಾಕತ್ತೇನಿ" ಎಂದರು. ಎದುರಿಗೆ ಒಬ್ಬ ವಿದ್ಯಾರ್ಥಿನಿ ಮೈಕ್ರೋಸ್ಕೋಪಿನ ಗಾಜು ಒಡೆದುಕೊಂಡು ಅಳುತ್ತಿದ್ದಳು. "ಛಲೋ ಆತು ಮಾಸ್ತರ" ಎಂದು ಫೋನಿಟ್ಟೆ. ಏನು ಛಲೋ ಆಯಿತೆಂದು ನನಗೇ ಗೊತ್ತಿರಲಿಲ್ಲ.

ಬಸವ ಜಯಂತಿಗೆ ನಾಲ್ಕು ದಿನ ಇರುವಾಗ ರಜೆ ಸಿಕ್ಕಿತು. ಇಂಗಳೇಶ್ವರದಲ್ಲಿ ಬಸ್ಸಿಳಿದ ಕೂಡಲೇ ಚನಬಸಪ್ಪ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ದೂರದಿಂದಲೇ ಮರಡಿ ಹಸಿರಾಗಿ ಕಂಡಿತು. ಸುತ್ತಲಿನ ಹೊಲವೆಲ್ಲ ಬಿಸಿಲಿಗೆ ಬಾಯಿ ಬಿಟ್ಟಿರುವಾಗ ಅಲ್ಲಿ ಮಾತ್ರ ಕಸ ಮೊಳಕಾಲೆತ್ತರ ಬೆಳೆದಿತ್ತು. ಹತ್ತಿರ ಹೋದಾಗ ಕಾರಣ ತಿಳಿಯಿತು. ಹನ್ನೊಂದು ಗಿಡಕ್ಕೂ ಹನ್ನೊಂದು ಮಡಿ ಕಟ್ಟಿ, ಕಲ್ಲಿನ ಅಂಚು ಇಟ್ಟು, ಮಾಸ್ತರರು ಕಾಲುವೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದ್ದರು, ದಿನಾ ಎರಡು ಹೊತ್ತು, ಒಂದೂವರೆ ತಿಂಗಳು. ನಮ್ಮ ನೆಲದಲ್ಲಿ ಯಾರಿಗಾದರೂ ಪ್ರೀತಿ ತೋರಿಸುವುದೆಂದರೆ ಮೊದಲು ನೀರು ಕೊಡುವುದು. ಮನೆಗೆ ಬಂದವರಿಗೂ ಅಷ್ಟೇ, ಎತ್ತಿಗೂ ಅಷ್ಟೇ. ಅವರು ತಮಗೆ ಗೊತ್ತಿದ್ದ ಒಳ್ಳೆಯದನ್ನೇ ಮಾಡಿದ್ದರು.

ಮೊದಲ ಮಡಿಯಲ್ಲಿ ಬೆರಳು ಇಳಿಸಿದೆ. ಗಡ್ಡೆ ಬೆರಳಿಗೆ ಸಿಕ್ಕಿತು, ಒತ್ತಿದರೆ ಒಳಗೇ ಹೋಯಿತು. ವಾಸನೆ ಬಂತು. ಎರಡನೆಯದು, ಮೂರನೆಯದು ನೋಡಿದೆ. ಹನ್ನೊಂದನ್ನೂ ನೋಡಿದೆ, ಒಂದಾದರೂ ಗಟ್ಟಿ ಉಳಿದಿರಲಿ ಎಂದು ಬೇಡಿಕೊಳ್ಳುತ್ತಾ ನೋಡಿದೆ. ಒಂದೂ ಉಳಿದಿರಲಿಲ್ಲ.

ಮಾಸ್ತರರು ಕೊಡ ಹಿಡಿದು ಹಿಂದೆಯೇ ನಿಂತಿದ್ದರು. "ಮೊಗ್ಗಿ ಕಾಣತಾವೇನ್ರಿ?" ಎಂದರು.

ಸುಳ್ಳು ಹೇಳುವ ಆಸೆಯಾಯಿತು. ಮಳೆಗಾಲದವರೆಗೆ ಕಾಯಿರಿ ಎಂದರೆ ಮುಗಿದುಹೋಗುತ್ತಿತ್ತು. ಆದರೆ ನಾಳೆಯಿಂದ ಅವರು ಮತ್ತೆ ಕೊಡ ಹೊರುತ್ತಾರಲ್ಲ, ಅದನ್ನು ನೆನೆದು ನಿಜವನ್ನೇ ಹೇಳಿದೆ. ಇದು ಬೇಸಿಗೆಯಲ್ಲಿ ನೀರು ಒಲ್ಲದ ಗಡ್ಡೆ, ಕೊಳೆತು ಹೋಗಿದೆ, ನೀವು ಕೇಳಿದಾಗ ಇದನ್ನು ಹೇಳದೆ ಹೋದದ್ದು ನನ್ನ ತಪ್ಪು ಎಂದೆ. ಅವರು ಕೊಡವನ್ನು ಮೆಲ್ಲಗೆ ಕೆಳಗಿಟ್ಟು ಕಲ್ಲಿನ ಮೇಲೆ ಕೂತರು.

"ನಮ್ಮ ಮುತ್ಯಾನ ಕಾಲದಿಂದ ಬರಗಾಲ ತಡಕೊಂಡ ಬದಿಕಿತ್ತರಿ ಇದು" ಎಂದರು. ಆಮೇಲೆ, "ಏನ್ ಇದ್ದೀತ್ರಿ ಇದು? ಈಗರ ಹೇಳ್ರಿ" ಎಂದರು.

"ಯುಲೋಫಿಯಾ ಮಾಸ್ತರ. ಅದು ಕುಲದ ಹೆಸರು, ನಮ್ಮ ಅಡ್ಡಹೆಸರ ಇದ್ದಂಗ. ಪೂರ್ತಿ ಹೆಸರ ಗೊತ್ತಾಗಲಿಲ್ಲ."

"ಅಡ್ಡಹೆಸರ ಅವತ್ತ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

ಇಷ್ಟು ಹೊತ್ತು ಬೈಕಿಗೆ ಒರಗಿ ನಿಂತಿದ್ದ ಚನಬಸಪ್ಪ ಹತ್ತಿರ ಬಂದರು. ಸಿಟ್ಟು ಮಾಡುತ್ತಾರೇನೋ ಎಂದುಕೊಂಡೆ, ಮಾಡಿದ್ದರೆ ಚೆನ್ನಾಗಿತ್ತು.

"ನನಗ ಅಷ್ಟ ಸಾಕಾಗಿತ್ತಲ್ರಿ ಮೇಡಮ್ಮಾರ" ಎಂದರು.

ನನ್ನ ಕೈಯಲ್ಲಿ ಆ ಕೊಳೆತ ವಾಸನೆ ಇತ್ತು. ಕಾಲುವೆಯಲ್ಲಿ ಕೈ ತೊಳೆದುಕೊಂಡು ಬಂದೆ. ಊಟ ಮಾಡಿ ಹೋಗಿರೆಂದು ಅಣ್ಣತಮ್ಮಂದಿರು ಇಬ್ಬರೂ ಒತ್ತಾಯಿಸಿದರು. ಮನೆಯಲ್ಲಿ ಬಿಸಿ ರೊಟ್ಟಿ, ಹಿಟ್ಟಿನ ಪಲ್ಯ ಬಡಿಸಿದರು. ಒಬ್ಬರೂ ನನ್ನನ್ನು ಬೈಯಲಿಲ್ಲ. ಹೊರಡುವಾಗ ಮಾಸ್ತರರು ಒಂದು ನೋಟುಬುಕ್ಕು ತಂದು ಆ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡರು, ಎರಡು ಸಲ ಗಟ್ಟಿಯಾಗಿ ಓದಿ ಉಚ್ಚಾರ ಸರಿಯಾಯಿತೇ ಎಂದು ಕೇಳಿದರು.

ಆಮೇಲೆ ಎರಡು ವರ್ಷ ಮೃಗಶಿರಾ ಮಳೆ ಬಿದ್ದ ವಾರ ನಾನು ಅಲ್ಲಿಗೆ ಹೋದೆ. ಆ ಧೂಳಿನಂಥ ಬೀಜದಲ್ಲಿ ಯಾವುದಾದರೂ ಹುಟ್ಟೀತೇನೋ ಎಂಬ ಆಸೆ. ಆರ್ಕಿಡ್ ಬೀಜಕ್ಕೆ ಮಣ್ಣಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳಕೆ, ಸಿಕ್ಕರೂ ಹೂ ಬಿಡಲು ವರ್ಷಗಟ್ಟಲೆ ಬೇಕೆಂದು ತರಗತಿಯಲ್ಲಿ ನಾನೇ ಕಲಿಸಿದವಳು. ಆದರೂ ಹೋದೆ. ಸುತ್ತಲಿನ ಹೊಲ, ಪಕ್ಕದ ಹಳ್ಳದ ದಂಡೆ ಎಲ್ಲ ಹುಡುಕಿದೆ. ಆ ಗಿಡದ ಇನ್ನೊಂದು ಎಲೆ ಇವತ್ತಿನವರೆಗೂ ಎಲ್ಲಿಯೂ ಕಂಡಿಲ್ಲ. ಅದು ಸಾಮಾನ್ಯ ಪ್ರಭೇದವೋ, ಯಾರೂ ಕಾಣದ್ದೋ ನನಗೆ ತಿಳಿಯುವುದೂ ಇಲ್ಲ.

ನಿವೃತ್ತಿಯಾದ ಮೇಲೂ ಹಳ್ಳಿಗಳಿಗೆ ಕರೆದರೆ ಹೋಗುತ್ತೇನೆ. ಈಗ ಅರ್ಧ ಗೊತ್ತಿದ್ದರೆ ಅರ್ಧ ಹೆಸರನ್ನು ಅಲ್ಲೇ, ಆಗಲೇ, ಪೆನ್ಸಿಲಿನಿಂದಾದರೂ ಬರೆದುಕೊಡುತ್ತೇನೆ. ಅದರ ಜೊತೆ ಆ ಗಿಡಕ್ಕೆ ಏನು ಮಾಡಬಾರದೆಂದು ಮೊದಲು ಹೇಳಿ, ಏನು ಮಾಡಬೇಕೆಂದು ಆಮೇಲೆ ಹೇಳುತ್ತೇನೆ. ತಪ್ಪು ಹೇಳಿದರೆ ನಾಲ್ಕು ಜನರ ಮುಂದೆ ನನಗೆ ನಾಚಿಕೆಯಾಗುತ್ತದೆ, ಅಷ್ಟೇ. ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬರ ಗಿಡ ಕಳೆದೆ. ಕೆಲಸ ಕಲಿಸಿದ ಪಾಠ ಇದು, ಬಹಳ ತಡವಾಗಿ ಕಲಿಸಿತು.

ಚನಬಸಪ್ಪ ಆ ಮರಡಿಯನ್ನು ಕಡೆಗೂ ಸಮ ಮಾಡಿಸಲಿಲ್ಲ. ಈಗ ಸುತ್ತಲೂ ನಿಂಬೆ ಗಿಡಗಳಿವೆ. ಡ್ರಿಪ್ ಪೈಪು ಅಲ್ಲಿಯವರೆಗೆ ನೇರ ಬಂದು, ಮೂರು ಗುಂಟೆಗೆ ಒಂದು ಹನಿಯೂ ಬೀಳದಂತೆ ಬಳಸಿ ಆಚೆ ಹೋಗುತ್ತದೆ. ಒಳಗೆ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ.