ಮಗುಚಿದ ಹರಗೋಲಿನ ಕೆಳಗೆ

ನಾನು ಚಿಕ್ಕವಳಿದ್ದಾಗ ನಮ್ಮೂರ ಹೊಳೆದಂಡೆಯಲ್ಲಿ ಈಜು ಬಾರದ ಹುಡುಗಿ ಅಂದರೆ ನಾನೊಬ್ಬಳೇ. ನಗಬೇಡಿ ಮಕ್ಕಳೇ. ನಮ್ಮ ಅಪ್ಪ ಕೃಷ್ಣಾ ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಹರಗೋಲು ಅಂದರೆ ಬಿದಿರಿನಿಂದ ಹೆಣೆದ ದೊಡ್ಡ ಬುಟ್ಟಿ. ಹೊರಮೈಗೆ ಡಾಂಬರು ಬಳಿದಿರುತ್ತಿದ್ದರು. ಅಂಥವನ ಮಗಳಾಗಿಯೂ ನನಗೆ ನೀರು ಕಂಡರೆ ಎದೆ ಡವಡವ. ಅಕ್ಕ ಮಾತ್ರ ಮೀನೇ ಸರಿ.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಅಪ್ಪನ ಹಾಗೆ ತಾನೂ ಹರಗೋಲು ನಡೆಸಬೇಕು. ಹೆಣ್ಣುಮಕ್ಕಳು ನೀರು ತಳ್ಳುವ ಹುಟ್ಟು ಹಾಕಿ ಜನರನ್ನು ದಾಟಿಸಿದ್ದನ್ನು ನಮ್ಮ ಸುರಪುರ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ಆಗುವುದಿಲ್ಲ ಎಂದ. ಅಕ್ಕ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಕೊನೆಗೆ ಅಪ್ಪನೇ ಸೋತು ಒಂದು ಮಾತು ಕೊಟ್ಟ: ಗಾಳಿ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ನಡುಗಡ್ಡೆ ಮುಟ್ಟಿದರೆ ನಮ್ಮ ಸಣ್ಣ ಹರಗೋಲು ಅವಳದು.

ಮುಂಗಾರಿಗೆ ಮುಂಚೆ ಪಡುವಣ ಗಾಳಿ ಶುರುವಾದ ಕೂಡಲೇ ಒಂದು ಸಂಜೆ ಆ ಪಂದ್ಯ ನಡೆಯುತ್ತಿತ್ತು. ಹಳೆಯ ಧೋತರವನ್ನು ಎರಡು ಕೋಲುಗಳ ನಡುವೆ ಕಟ್ಟಿದರೆ ಅದೇ ಹಾಯಿ. ಗಾಳಿ ಒಯ್ದಷ್ಟು ದೂರ ಹೋಗಬೇಕು, ಹುಟ್ಟು ಹಾಕುವಂತಿಲ್ಲ. ಎಲ್ಲರ ಹುಟ್ಟುಗಳನ್ನೂ ಅಪ್ಪ ತನ್ನ ದೊಡ್ಡ ಹರಗೋಲಿನಲ್ಲಿ ಇಟ್ಟುಕೊಂಡು ಹಿಂದೆ ಬರುತ್ತಿದ್ದ. ಹಾಯಿ ಹಿಡಿಯಲು ಒಬ್ಬರು, ತೂಕಕ್ಕೆ ಒಬ್ಬರು ಕೂರಬೇಕಿತ್ತು. ಅಕ್ಕನ ಹರಗೋಲಿನ ತೂಕ ನಾನು!

ಹೊರಟು ಸ್ವಲ್ಪ ಹೊತ್ತಿಗೆ ಕೆಳಗೆ ಹಾಸಿದ್ದ ಹುಲ್ಲಿನಲ್ಲಿ ನನಗೆ ಏನೋ ಗಟ್ಟಿಯಾಗಿ ಒತ್ತಿತು. ಕೈ ಹಾಕಿ ನೋಡಿದರೆ ನಮ್ಮ ಮನೆಯದೇ ಸಣ್ಣದೊಂದು ಹುಟ್ಟು. ನನ್ನ ಮೈಯೆಲ್ಲ ಉರಿಯಿತು. ತೀರ್ಪು ಹೇಳುವವನು ಅಪ್ಪ, ಮೋಸ ಮಾಡುವವಳು ಅವನ ಮಗಳು! ನಾನೋ ಆಗ ನ್ಯಾಯದ ವಿಷಯದಲ್ಲಿ ಬಲು ಬಿಗಿ. ಅಕ್ಕ ಮುಂದೆ ನೋಡುತ್ತ ಹಾಯಿ ಹಿಡಿದಿದ್ದಳು. ನಾನು ಹಿಂದಿನಿಂದ ಹುಟ್ಟನ್ನು ಮೆಲ್ಲಗೆ ಹೊಳೆಗೆ ಬಿಟ್ಟೆ. ಸತ್ಯ ಕಾಪಾಡಿದೆ ಎಂದು ಬೀಗಿದೆ ಕೂಡ.

ನಡುಗಡ್ಡೆ ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ಬಡಗಣ ದಿಕ್ಕಿನ ಮುಗಿಲು ಕಪ್ಪಿಟ್ಟಿತು. ಗಾಳಿ ತಿರುಗಿ ಹಾಯಿಯನ್ನು ಅಕ್ಕನ ಮುಖಕ್ಕೇ ಬಡಿಯಿತು. ಧೋತರ ಹರಿಯಿತು. ಹರಗೋಲು ಬೀಸುಕಲ್ಲಿನಂತೆ ಗರಗರ ತಿರುಗುತ್ತ ಹೋಗಿ ಹೊಳೆಯ ನಡುವಿನ ಒಂದು ಬಂಡೆಗೆ ಅಪ್ಪಳಿಸಿತು. ಅಕ್ಕ ಬಂಡೆಯ ಮೇಲೆ ಜಿಗಿದು, ನನ್ನ ಜಡೆ ಹಿಡಿದು ಎಳೆದುಕೊಂಡಳು. ಅಷ್ಟರಲ್ಲಿ ಆಲಿಕಲ್ಲು ಸುರಿಯತೊಡಗಿತು. ಅವಳು ಹರಗೋಲನ್ನು ಬಂಡೆಯ ಮೇಲೆಳೆದು ನಮ್ಮಿಬ್ಬರ ಮೇಲೆ ಮಗುಚಿ ಹಾಕಿದಳು.

ಒಳಗೆ ಕಣ್ಣಿಗೆ ಏನೂ ಕಾಣದಷ್ಟು ಕತ್ತಲೆ. ಡಾಂಬರಿನ ವಾಸನೆ, ಕೊಳೆತ ಹುಲ್ಲಿನ ವಾಸನೆ. ತಲೆ ಎತ್ತಿದರೆ ಬಿದಿರು ಬಡಿಯುತ್ತಿತ್ತು, ಕಾಲು ಚಾಚಿದರೆ ಹೊಳೆ. ಮೇಲೆ ನೂರು ಮನೆಗಳಲ್ಲಿ ಒಟ್ಟಿಗೆ ರೊಟ್ಟಿ ಬಡಿದಂಥ ಸದ್ದು. ನೀರು ಮೊದಲು ಪಾದ ತೋಯಿಸಿತು. ಆಮೇಲೆ ಕೂತಲ್ಲೇ ಸೊಂಟದವರೆಗೆ ಏರಿತು.

ಅಕ್ಕ ಹರಗೋಲಿಗೆ ಅಂಟಿಕೊಂಡಿದ್ದ ಹುಲ್ಲನ್ನೆಲ್ಲ ತಡಕಾಡಿದಳು. ಅವಳ ಬಳೆಗಳ ಸದ್ದು ನಿಂತಿತು.

“ನಿನಗ ಈಜು ಬರಂಗಿಲ್ಲಂತ ಒಂದು ಸಣ್ಣ ಹುಟ್ಟು ಇಟ್ಟಿದ್ದೆ,” ಎಂದಳು. “ಗಾಳಿ ತಿರುಗಿದ್ರ ನಿನ್ನ ದಂಡಿಗೆ ಮುಟ್ಟಸಾಕ ಬೇಕಲ್ಲ.”

ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು, ಓಡಲು ಜಾಗವಿರಲಿಲ್ಲ. ಹುಟ್ಟು ಬಿಟ್ಟದ್ದನ್ನು ಹೇಳುವ ಬದಲು ಅವಳ ಭುಜಕ್ಕೆ ಮುಖ ಒತ್ತಿದೆ. ಅವಳು ನನ್ನನ್ನು ತೊಡೆಯ ಮೇಲೆ ಎತ್ತಿ ಕೂರಿಸಿಕೊಂಡಳು. ನೀರು ಅವಳ ಎದೆಗೆ ಬಂದಿತ್ತು.

ಎಷ್ಟು ಹೊತ್ತಾಯಿತೋ, ಹೊರಗಿನಿಂದ ಯಾರೋ ಅಂಗೈಯಿಂದ ಹರಗೋಲು ಬಡಿದರು. ಅಂಚು ಮೇಲೆದ್ದಿತು, ಸಂಜೆಯ ಬೆಳಕಿನಲ್ಲಿ ಅಪ್ಪನ ಮುಖ ಕಂಡಿತು. ನಾನು ಬಿಟ್ಟ ಅದೇ ಹುಟ್ಟನ್ನು ಅವನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಹೊಳೆಯಲ್ಲಿ ತೇಲುತ್ತಿದ್ದದ್ದು ಅವನಿಗೆ ಸಿಕ್ಕಿತ್ತಂತೆ. ದಂಡೆಗೆ ಬಂದು ನಮ್ಮನ್ನು ಇಳಿಸಿದ ಮೇಲೆ ಅಪ್ಪ ಅದನ್ನು ಹೊರತೆಗೆದ.

“ಇದನ್ನ ಹೊಳಿಗೆ ಬಿಟ್ಟವರು ಯಾರು?”

“ನಾನೇ, ಅಪ್ಪಾ. ಕೈ ಜಾರಿತು,” ಎಂದಳು ಅಕ್ಕ.

“ಒಂದು ಹುಟ್ಟು ಕಾಯಾಕ ಬರದಾಕಿ ಮಂದೀನ ಹೆಂಗ ದಾಟಸ್ತಿ? ನಾಳಿಂದ ಹೊಳಿಗೆ ಬರಬ್ಯಾಡ.”

ಅಪ್ಪ ಒಮ್ಮೆ ಅಂದರೆ ಮುಗಿಯಿತು. ನಾನು ಅಲ್ಲೇ ನಿಂತಿದ್ದೆ, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಬಾಯಿ ಬಿಡಲಿಲ್ಲ. ಅಕ್ಕ ಮತ್ತೆ ಹುಟ್ಟು ಹಿಡಿಯಲಿಲ್ಲ. ಕೆಲವು ವರ್ಷಕ್ಕೆ ಮದುವೆಯಾಗಿ ಹೊಳೆಯಿಲ್ಲದ ಕೆಂಭಾವಿಗೆ ಹೋದಳು. ಊರಿನಿಂದ ಯಾರೇ ಹೋಗಲಿ, ಮೊದಲು ಕೇಳುತ್ತಿದ್ದದ್ದು ಹೊಳೆ ಎಷ್ಟು ಬಂದಿದೆ ಎಂದೇ. ಅದನ್ನು ಕೇಳಿದಾಗಲೆಲ್ಲ ನಾನು ಮತ್ತೆ ಆ ಹರಗೋಲಿನ ಕೆಳಗೇ ಇರುತ್ತಿದ್ದೆ.

ಈಗ ನಮ್ಮ ಹೊಳೆಗೆ ಸೇತುವೆ ಬಂದಿದೆ. ನನ್ನ ಮೊಮ್ಮಕ್ಕಳು ಕಾರಿನಲ್ಲಿ ಬಿಸ್ಕತ್ತು ತಿಂದು ಮುಗಿಸುವಷ್ಟರಲ್ಲಿ ಆಚೆ ದಂಡೆ ಬಂದಿರುತ್ತದೆ. ತಪ್ಪಾದರೆ ಅವರಿಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬರುವುದಿಲ್ಲ. ಜಗಳವಾಡಿದ ಗಳಿಗೆಯಲ್ಲೇ ಬಂದು ಎಲ್ಲ ಒದರುತ್ತಾರೆ. ಹೋದ ವಾರ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದ್ದಾಗ ಅವರು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದರು. ಕೆಳಗೆ ಆ ಬಂಡೆ ಕಾಣುತ್ತಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ, ಹುಟ್ಟು ಬಿಟ್ಟವಳು ನಾನೇ ಎಂದು ಹೇಳಿಬಿಟ್ಟೆ.

ಅಕ್ಕ ಸೆರಗು ಸರಿಮಾಡಿಕೊಂಡಳು.

“ಹುಲ್ಲಿಗೆ ಕೈ ಹಾಕಿದಾಗಲೇ ತಿಳೀತು ನನಗ. ಇಷ್ಟು ಹೇಳಾಕ ಅರವತ್ತು ವರ್ಷ ಬೇಕಾತೇನು ನಿನಗ?”

ನಾನು ಅತ್ತೆ. ಅವಳು ನನ್ನನ್ನು ಅಷ್ಟಕ್ಕೇ ಬಿಟ್ಟು, ಹೊಳೆ ಹೇಗಿದೆ ಎಂದು ಮಕ್ಕಳನ್ನು ಕೇಳಿದಳು. ಅವರು ಫೋನನ್ನು ನೀರಿನ ಕಡೆಗೆ ತಿರುಗಿಸಿ ಹಿಡಿದರು. ಅಕ್ಕ ಬಹಳ ಹೊತ್ತು ನೋಡಿದಳು.